ಬಾಗಿದ ಶಿಲುಬೆಯ ನಾಡಿನಲ್ಲಿ

ಕೊಚ್ಚಿಯಿಂದ ಕೊಟ್ಟಾಯಕ್ಕೆ ಹೋಗುವ ಹಾದಿಯು ಎಪ್ಪತ್ತು ಕಿಲೋಮೀಟರನ್ನು ಮೀರದು. ಎಡಬಲಗಳಲ್ಲಿ ತೆಂಗು, ಅಡಕೆ, ರಬ್ಬರಿನ ತೋಟಗಳು. ನಡುನಡುವೆ ಹಿನ್ನೀರಿನ ಕಾಲುವೆಗಳು. ಊರೂರಿಗೂ ಶಿಲುಬೆಯನ್ನು ಹೊತ್ತ ಶಿಖರಗಳು. ಪ್ರಯಾಣಿಕನು ಮೊದಲನೆಯ ದಿನ ‘ಇಲ್ಲಿ ಕ್ರೈಸ್ತರು ಬಹಳ’ ಎಂದುಕೊಳ್ಳುತ್ತಾನೆ. ಎರಡನೆಯ ದಿನ, ಒಂದೇ ಊರಿನಲ್ಲಿ ಕೂಗಳತೆಗೊಂದರಂತೆ ಮೂರು ದೇವಾಲಯಗಳನ್ನೂ ಅವುಗಳ ಬಾಗಿಲಲ್ಲಿ ಮೂರು ಬಗೆಯ ಹೆಸರುಗಳನ್ನೂ ಕಂಡು, ‘ದೇವರು ಒಬ್ಬನೇ ಆಗಿರಲು ಈ ಮೂರೇಕೆ?’ ಎಂದು ಕೇಳುತ್ತಾನೆ. ಕ್ರೈಸ್ತಮತದ ಒಡಕುಗಳ ಚರಿತ್ರೆಯನ್ನು ಕಣ್ಣಾರೆ ಕಾಣಬೇಕೆನ್ನುವವರು ರೋಮಿಗಾಗಲಿ ಯೆರೂಸಲೇಮಿಗಾಗಲಿ ಹೋಗಬೇಕಾದುದಿಲ್ಲ. ಈ ಹಾದಿಯಲ್ಲಿ ನಾಲ್ಕು ದಿನ ನಿಧಾನವಾಗಿ ಸಂಚರಿಸಿದರೆ ಸಾಕು. ನಾವು ಹಾಗೆ ಸಂಚರಿಸಿ ಕಂಡುದನ್ನೂ ತಿಳಿದುದನ್ನೂ ವಾಚಕರ ಮುಂದಿಡುತ್ತೇವೆ.

ಹೊರಡುವುದಕ್ಕೆ ಮೊದಲು ನಮ್ಮ ಕನ್ನಡದ ನಾಲ್ಕು ಮಾತುಗಳನ್ನು ನೆನೆಯುವುದು ಒಳ್ಳೆಯದು. ‘ಶಿಲುಬೆ’ ಎಂಬುದು ಸುರಿಯಾನಿ ಭಾಷೆಯ ‘ಸ್ಲೀಬಾ’ ಎಂಬುದರಿಂದ ಬಂದುದು. ‘ಪಾದ್ರಿ’, ‘ಇಗರ್ಜಿ’ ಎಂಬುವು ಪೋರ್ಚುಗೀಸರ ಮಾತುಗಳು. ‘ಚರ್ಚು’ ಆಂಗ್ಲರದು. ಮೊದಲು ಪಶ್ಚಿಮ ಏಷ್ಯದಿಂದ, ಆಮೇಲೆ ಪೋರ್ಚುಗಲ್ಲಿನಿಂದ, ಕಡೆಗೆ ಇಂಗ್ಲೆಂಡಿನಿಂದ ಈ ಮತವು ನಮ್ಮ ತೀರಕ್ಕೆ ಬಂದ ಕ್ರಮವೆಲ್ಲ ನಮ್ಮ ನಾಲಗೆಯ ಮೇಲೆಯೇ ಇದೆ. ಮಲಯಾಳದಲ್ಲಿ ಮಾತ್ರ ದೇವಾಲಯಕ್ಕೆ ‘ಪಳ್ಳಿ’ ಎಂದು ಹೆಸರು. ನಮ್ಮ ದಕ್ಷಿಣ ಕನ್ನಡದಲ್ಲಿ ಮಸೀದಿಗೆ ಸಲ್ಲುವ ಈ ಮಾತು ಅಲ್ಲಿ ಮಸೀದಿಗೂ ಇಗರ್ಜಿಗೂ ಸಮಾನವಾಗಿ ಸಲ್ಲುತ್ತದೆ.

ಎರ್ನಾಕುಲದಿಂದ ದೋಣಿಯಲ್ಲಿ ಹಿನ್ನೀರನ್ನು ದಾಟಿದರೆ ಕೊಚ್ಚಿಯ ಕೋಟೆಯ ಭಾಗ ಸಿಕ್ಕುತ್ತದೆ. ಕೋಟೆಯು ಈಗ ಹೆಸರಿಗೆ ಮಾತ್ರ. ಹಳೆಯ ಮಳೆಮರಗಳ ನೆರಳಿನಲ್ಲಿ ಸಂತ ಫ್ರಾನ್ಸಿಸ್ಸನ ದೇವಾಲಯ ನಿಂತಿದೆ. ಎತ್ತರವಾದ ಮುಂಗೋಡೆ, ಸರಳವಾದ ಕಮಾನು, ಬೆಡಗೇನೂ ಇಲ್ಲ. ಪೋರ್ಚುಗೀಸರು ೧೫೦೩ರಲ್ಲಿ ಇಲ್ಲಿ ಮರದ ಇಗರ್ಜಿಯೊಂದನ್ನು ಕಟ್ಟಿದರು. ೧೫೧೬ರ ವೇಳೆಗೆ ಅದು ಕಲ್ಲುಗಾರೆಯ ಕಟ್ಟಡವಾಯಿತು. ವಾಸ್ಕೊ ಡ ಗಾಮನು ೧೫೨೪ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡಾಗ ಅವನನ್ನು ಇಲ್ಲಿಯೇ ಹೂಳಿದರು. ಹದಿನೈದು ವರ್ಷಗಳ ಒಳಗೆ ಅಸ್ಥಿಗಳನ್ನು ತಾಯ್ನಾಡಿಗೆ ಒಯ್ದರು. ಸಮಾಧಿಯ ಕಲ್ಲು ಮಾತ್ರ ಕಟಕಟೆಯ ನಡುವೆ ಉಳಿದಿದೆ. ಪ್ರವಾಸಿಗಳೆಲ್ಲರೂ ಆ ಕಲ್ಲನ್ನೇ ನೋಡಿ ಹೊರಟುಹೋಗುತ್ತಾರೆ. ಆದರೆ ನೋಡತಕ್ಕದ್ದು ಗೋಡೆಗಳು. ಒಂದು ಗೋಡೆಯಲ್ಲಿ ಪೋರ್ಚುಗೀಸರ ಸಮಾಧಿಶಿಲೆಗಳು, ಎದುರು ಗೋಡೆಯಲ್ಲಿ ಡಚ್ಚರವು. ನೆಲದಲ್ಲಿದ್ದುವನ್ನು ಎತ್ತಿ ಹೀಗೆ ನಿಲ್ಲಿಸಿದ್ದಾರೆ. ಬದುಕಿದ್ದಾಗ ಒಬ್ಬರ ಪೂಜೆಯನ್ನೊಬ್ಬರು ಪಾಷಂಡವೆಂದವರು ಈಗ ಒಂದೇ ಮಾಡಿನ ಕೆಳಗೆ ಎದುರುಬದುರಾಗಿ ನಿಂತಿದ್ದಾರೆ.

ಈ ಕಟ್ಟಡದ ಒಡೆತನವೇ ಒಂದು ಪಾಠ. ಡಚ್ಚರು ೧೬೬೩ರಲ್ಲಿ ಕೊಚ್ಚಿಯನ್ನು ಗೆದ್ದಾಗ ಊರಿನ ಅನೇಕ ಇಗರ್ಜಿಗಳನ್ನು ಕೆಡವಿ, ಇದನ್ನು ಮಾತ್ರ ತಮ್ಮ ಪೂಜೆಗೆ ಇಟ್ಟುಕೊಂಡರು. ಅವರು ಪ್ರೊಟೆಸ್ಟೆಂಟರು. ಮಾರ್ಟಿನ್ ಲೂಥರನು ಜರ್ಮನಿಯಲ್ಲಿ ೧೫೧೭ರಲ್ಲಿ ರೋಮಿನ ಪೋಪರ ಅಧಿಕಾರವನ್ನು ಪ್ರಶ್ನಿಸಿದ ಮೇಲೆ ಯೂರೋಪಿನ ಅರ್ಧ ಒಡೆಯಿತಷ್ಟೆ. ಆ ಒಡಕಿನ ಅಲೆಯು ನೂರೈವತ್ತು ವರ್ಷಗಳ ಅನಂತರ ಹಡಗಿನ ಫಿರಂಗಿಯೊಡನೆ ಕೊಚ್ಚಿಗೆ ಬಂದಿತು. ವಿಗ್ರಹಗಳೂ ಅಲಂಕಾರಗಳೂ ಹೋದುವು. ಬರಿಯ ಗೋಡೆ, ಬೋಧನೆಯ ಪೀಠ ಉಳಿದುವು. ೧೭೯೫ರಲ್ಲಿ ಇಂಗ್ಲಿಷರು ಬಂದರು. ೧೮೦೪ರಲ್ಲಿ ದೇವಾಲಯವು ಆಂಗ್ಲಿಕನ್ ಸಭೆಗೆ ಸೇರಿತು. ಸ್ವಾತಂತ್ರ್ಯ ಬಂದು ಆರು ವಾರ ಕಳೆದ ಮೇಲೆ, ೧೯೪೭ನೆಯ ಸೆಪ್ಟೆಂಬರ್ ೨೭ರಂದು, ಆಂಗ್ಲಿಕನ್ ಸಭೆಯೂ ಮೆಥಡಿಸ್ಟ್ ಸಭೆಯೂ, ಪ್ರೆಸ್ಬಿಟೀರಿಯನರು ಮತ್ತು ಕಾಂಗ್ರಿಗೇಷನಲರು ಮೊದಲೇ ಸೇರಿ ಮಾಡಿಕೊಂಡಿದ್ದ ಸಭೆಯೂ ಮದರಾಸಿನಲ್ಲಿ ಒಂದುಗೂಡಿ ‘ದಕ್ಷಿಣ ಭಾರತ ಸಭೆ’ ಎನಿಸಿದುವು. ಈ ದೇವಾಲಯವೂ ಅದರ ಪಾಲಾಯಿತು. ಕನ್ನಡಕ್ಕೆ ನಿಘಂಟನ್ನು ಕೊಟ್ಟ ಕಿಟ್ಟೆಲ್ ಪಂಡಿತರು ಯಾವ ಬಾಸೆಲ್ ಮಿಷನ್ನಿನಿಂದ ಬಂದರೋ ಆ ಮಿಷನ್ನಿನ ಕನ್ನಡ ಸಭೆಗಳೂ ಮುಂದೆ ಇದೇ ಒಕ್ಕೂಟವನ್ನು ಸೇರಿದುವು. ಒಡೆಯುವುದು ಸುಲಭ, ಕೂಡುವುದು ಕಷ್ಟವೆನ್ನುತ್ತಾರೆ. ಕೂಡುವುದೂ ಸಾಧ್ಯವೆಂಬುದಕ್ಕೆ ಈ ಗೋಡೆಗಳೇ ಸಾಕ್ಷಿ.

ಆದರೆ ಇದೆಲ್ಲ ಹಡಗಿನಲ್ಲಿ ಬಂದವರ ಕಥೆ. ಪೋರ್ಚುಗೀಸರು ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಮಲಯಾಳದಲ್ಲಿ ಕ್ರೈಸ್ತರಿದ್ದರು. ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾದ ತೋಮನು ಕ್ರಿ. ಶ. ೫೨ರಲ್ಲಿ ಕೊಡುಂಗಲ್ಲೂರಿನ ಬಳಿ ಬಂದಿಳಿದನೆಂಬುದು ಅವರ ಪರಂಪರೆಯ ನಂಬಿಕೆ. ನಂಬಿಕೆಯನ್ನು ಬಿಟ್ಟು ಶಾಸನವನ್ನೇ ಕೇಳುವವರಿಗೂ ಉತ್ತರವುಂಟು. ಕ್ರಿ. ಶ. ೮೪೯ರ ಸುಮಾರಿಗೆ ವೇಣಾಡಿನ ಅರಸನು ಕೊಲ್ಲಂ ಪಟ್ಟಣದ ಕ್ರೈಸ್ತದೇವಾಲಯಕ್ಕೆ ದತ್ತಿ ಕೊಟ್ಟು ಬರೆಸಿದ ತಾಮ್ರಪಟಗಳು ಈಗಲೂ ಇವೆ. ಅವುಗಳಲ್ಲಿ ಪಹ್ಲವಿ, ಅರಬ್ಬಿ, ಹೀಬ್ರೂ ಲಿಪಿಗಳಲ್ಲಿ ಸಾಕ್ಷಿಗಳ ರುಜುಗಳಿವೆ. ಹಿಂದೂ ಅರಸನ ದಾನ, ಕ್ರೈಸ್ತರ ದೇವಾಲಯ, ನಾನಾ ದೇಶಗಳ ಬೇರೆ ಬೇರೆ ಮತದ ವ್ಯಾಪಾರಿಗಳ ಸಾಕ್ಷಿ: ಆ ಕಾಲದ ಕೊಲ್ಲಂ ಪಟ್ಟಣದ ಮನಸ್ಸನ್ನು ವಾಚಕರು ಊಹಿಸಬಹುದು.

ಈ ಕ್ರೈಸ್ತರಿಗೆ ಬಿಷಪ್ಪರು ಪರ್ಷಿಯ, ಮೆಸೊಪೊಟೇಮಿಯಗಳ ಪೌರಸ್ತ್ಯ ಸಭೆಯಿಂದ ಬರುತ್ತಿದ್ದರು. ಪೂಜೆ ಸುರಿಯಾನಿ ಭಾಷೆಯಲ್ಲಿ. ಅದು ಯೇಸುವು ಆಡುತ್ತಿದ್ದ ಅರಮಾಯಿಕ್ ಭಾಷೆಯ ಒಂದು ಶಾಖೆ. ಆ ಭಾಷೆಯನ್ನು ಕಲಿಸುವ ಗುರುವಿಗೆ ‘ಮಲ್ಪಾನ್’ ಎಂದು ಹೆಸರು. ಊರಿನ ಆಡಳಿತವೆಲ್ಲ ‘ಅರ್ಕದಿಯಾಕೋನ್’ ಎಂಬ ಸ್ಥಳೀಯ ಮುಖಂಡನ ಕೈಯಲ್ಲಿ. ಆ ಪದವಿ ಒಂದೇ ಮನೆತನದಲ್ಲಿ ಸೋದರಳಿಯನಿಗೆ ಇಳಿದುಬರುತ್ತಿತ್ತು. ಹೊರಗಿನಿಂದ ಬಂದ ಬಿಷಪ್ಪನು ಹಸ್ತವಿಟ್ಟು ಹರಸುವನು. ಮನೆಯ ಯಜಮಾನಿಕೆ ಮನೆಯವರದೇ. ಈ ಏರ್ಪಾಡಿನಲ್ಲಿ ಶತಮಾನಗಳು ಕಳೆದುವು.

ಇಲ್ಲಿ ಕ್ರೈಸ್ತಮತದ ಮೊದಲನೆಯ ದೊಡ್ಡ ಒಡಕುಗಳನ್ನು ಎರಡು ಮಾತಿನಲ್ಲಿ ಹೇಳಬೇಕು. ಕ್ರಿಸ್ತನು ದೇವನೂ ಹೌದು, ಮನುಷ್ಯನೂ ಹೌದು ಎಂಬುದರಲ್ಲಿ ವಾದಿಗಳಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಅವೆರಡೂ ಒಬ್ಬನಲ್ಲಿ ಹೇಗೆ ಕೂಡಿವೆಯೆಂಬುದೇ ವಿವಾದ. ೪೩೧ರಲ್ಲಿ ಎಫೆಸಸಿನ ಮಹಾಸಭೆಯು ನೆಸ್ತೋರಿಯಸನೆಂಬ ಧರ್ಮಾಧ್ಯಕ್ಷನನ್ನು ಖಂಡಿಸಿತು. ಆ ಖಂಡನೆಯನ್ನು ಪರ್ಷಿಯದ ಸಭೆ ಒಪ್ಪಲಿಲ್ಲ. ೪೫೧ರಲ್ಲಿ ಕಾಲ್ಸಿಡನಿನ ಮಹಾಸಭೆಯು ‘ವ್ಯಕ್ತಿ ಒಂದು, ಸ್ವಭಾವ ಎರಡು’ ಎಂದು ನಿರ್ಣಯಿಸಿತು. ‘ಕೂಡಿದ ಮೇಲೆ ಸ್ವಭಾವವೂ ಒಂದೇ’ ಎಂದು ಈಜಿಪ್ತಿನವರೂ ಆರ್ಮೀನಿಯದವರೂ ಸಿರಿಯದ ಬಹುಜನರೂ ಬೇರೆಯಾದರು. ಸಿರಿಯದ ಈ ಪಕ್ಷದವರಿಗೆ, ಆರನೆಯ ಶತಮಾನದ ಯಾಕೋಬನೆಂಬ ಬಿಷಪ್ಪನ ದೆಸೆಯಿಂದ, ಯಾಕೋಬಾಯರೆಂದು ಹೆಸರಾಯಿತು. ಉಳಿದವರಲ್ಲಿ ೧೦೫೪ರ ಸುಮಾರಿಗೆ ರೋಮೂ ಕಾನ್‌ಸ್ಟಾಂಟಿನೋಪಲ್ಲೂ ಅಗಲಿದುವು. ಒಟ್ಟಿನಲ್ಲಿ, ಮಲಯಾಳದ ಕ್ರೈಸ್ತರು ಯಾರ ಕೈಯಿಂದ ಬಿಷಪ್ಪರನ್ನು ಪಡೆಯುತ್ತಿದ್ದರೋ ಆ ಪೌರಸ್ತ್ಯ ಸಭೆ ಒಂದು ತುದಿ, ಯಾಕೋಬಾಯರು ಇನ್ನೊಂದು ತುದಿ, ರೋಮಿನವರು ನಡುವಿನಲ್ಲಿ. ಇದನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಕಾಲಕ್ರಮದಲ್ಲಿ ನೋಡುವುದಾದರೆ ಕೊಚ್ಚಿಯಿಂದ ಮೊದಲು ಉದಯಂಪೇರೂರಿಗೆ ಹೋಗಬೇಕು. ತ್ರಿಪ್ಪೂಣಿತ್ತುರದ ಅರಮನೆಯ ಊರನ್ನು ದಾಟಿ ವೈಕಂ ದಾರಿಯಲ್ಲಿ ಸಾಗಿದರೆ ರಸ್ತೆಯ ಬದಿಯಲ್ಲಿಯೇ ಹಳೆಯ ಪಳ್ಳಿಯಿದೆ. ಸಣ್ಣ ಊರು, ಇದ್ದಕ್ಕಿದ್ದಂತೆ ಬಂದವರಿಗೆ ಇದು ಚರಿತ್ರೆಯ ಸ್ಥಳವೆಂದು ತೋಚದು. ಮಾರ್ ಅಬ್ರಹಾಮನೆಂಬ ಪರದೇಶದ ಬಿಷಪ್ಪನು ೧೫೯೭ರಲ್ಲಿ ತೀರಿಕೊಂಡನು. ಪರ್ಷಿಯ ಕಡೆಯಿಂದ ಇನ್ನೊಬ್ಬನು ಬಾರದಂತೆ ಪೋರ್ಚುಗೀಸರು ಸಮುದ್ರವನ್ನು ಕಾಯ್ದರು. ಗೋವೆಯ ಆರ್ಚ್‌ಬಿಷಪ್ ಅಲೆಕ್ಸೊ ಡ ಮೆನೆಜಿಸ್ ಎಂಬಾತನು ತಾನೇ ಮಲಯಾಳಕ್ಕೆ ಬಂದು, ೧೫೯೯ನೆಯ ಜೂನ್ ೨೦ರಿಂದ ೨೬ರವರೆಗೆ ಈ ಪಳ್ಳಿಯಲ್ಲಿ ಮಹಾಸಭೆಯನ್ನು ಕೂಡಿಸಿದನು. ನೂರೈವತ್ತಕ್ಕೂ ಮಿಕ್ಕ ಪಾದ್ರಿಗಳೂ ಆರುನೂರಕ್ಕೂ ಮಿಕ್ಕ ಗೃಹಸ್ಥರೂ ನೆರೆದಿದ್ದರು. ಅವರ ಭಾಷೆ ಅವನಿಗೆ ತಿಳಿಯದು, ಅವನ ಭಾಷೆ ಅವರಿಗೆ ತಿಳಿಯದು. ನಿರ್ಣಯಗಳು ಮೊದಲೇ ಬರೆದು ತಂದವು.

ಆ ನಿರ್ಣಯಗಳನ್ನು ಓದಿದರೆ ಆ ಕಾಲದ ಮಲಯಾಳದ ಕ್ರೈಸ್ತರ ಮನೆಗಳೇ ಕಣ್ಣಮುಂದೆ ನಿಲ್ಲುತ್ತವೆ. ಏಕೆಂದರೆ ಯಾವುದನ್ನು ನಿಷೇಧಿಸಿದ್ದಾರೆಯೋ ಅದು ನಡೆಯುತ್ತಿತ್ತೆಂದೇ ಅರ್ಥ. ಪಾದ್ರಿಗಳು ಮದುವೆಯಾಗುತ್ತಿದ್ದರು, ಇನ್ನು ಆಗಕೂಡದು, ಆದವರು ಹೆಂಡಿರನ್ನು ಅಗಲಬೇಕೆಂದು ವಿಧಿಸಿದರು. ಸಂಸಾರಗಳು ಒಂದು ವಾಕ್ಯದಿಂದ ಮುರಿದುವು. ಪ್ರತಿಯೊಬ್ಬನೂ ತನ್ನ ತನ್ನ ಧರ್ಮದಿಂದಲೇ ಸದ್ಗತಿಯನ್ನು ಪಡೆಯಬಹುದೆಂಬ ಅಭಿಪ್ರಾಯ ಆ ಜನರಲ್ಲಿ ಇತ್ತು. ಅದನ್ನು ದೊಡ್ಡ ತಪ್ಪೆಂದು ಖಂಡಿಸಿದರು. ಸುರಿಯಾನಿ ಹೊತ್ತಗೆಗಳನ್ನು ತಂದೊಪ್ಪಿಸಬೇಕು. ತಿದ್ದತಕ್ಕವನ್ನು ತಿದ್ದುವರು, ಉಳಿದುವನ್ನು ಸುಡುವರು ಎಂದು ಆಜ್ಞೆಯಾಯಿತು. ೧೫೯೯ಕ್ಕೆ ಮೊದಲಿನ ಸುರಿಯಾನಿ ಹಸ್ತಪ್ರತಿಗಳು ಮಲಯಾಳದಲ್ಲಿ ಬಹಳ ವಿರಳವಾಗಿರುವುದಕ್ಕೆ ಇದು ಮುಖ್ಯ ಕಾರಣ. ತಾಳೆಯ ಗರಿಯ ಕಟ್ಟನ್ನು ಬಿಚ್ಚುವಾಗಲೂ ಕಣ್ಣಿಗೊತ್ತಿಕೊಳ್ಳುವುದನ್ನು ಕಲಿತು ಬೆಳೆದ ನಮಗೆ, ಆ ಅಂಗಳದಲ್ಲಿ ನಿಂತಾಗ ಎಲ್ಲಕ್ಕಿಂತ ಹೆಚ್ಚು ನೊಂದುದು ಈ ಒಂದು ಸಂಗತಿಗೆ. ಮನುಷ್ಯರ ಜಗಳ ತಲೆಮಾರಿಗೆ ತೀರೀತು. ಸುಟ್ಟ ಗ್ರಂಥ ಹುಟ್ಟದು.

ಉದಯಂಪೇರೂರಿನಲ್ಲಿ ಹೊತ್ತಿದ ಕಿಡಿಯು ಐವತ್ತನಾಲ್ಕು ವರ್ಷ ಬೂದಿಯ ಕೆಳಗಿದ್ದು ಮಟ್ಟಾಂಚೇರಿಯಲ್ಲಿ ಉರಿಯಿತು. ಮಟ್ಟಾಂಚೇರಿ ಕೊಚ್ಚಿಯ ಕೋಟೆಗೆ ಹೊಂದಿಕೊಂಡ ಪೇಟೆ. ಶುಂಠಿ, ಮೆಣಸುಗಳ ವಾಸನೆ ಈಗಲೂ ಅಲ್ಲಿನ ಮಂಡಿಗಳಲ್ಲಿದೆ. ಯೆಹೂದ್ಯರ ಪ್ರಾರ್ಥನಾಮಂದಿರವನ್ನೂ ಅರಮನೆಯ ಭಿತ್ತಿಚಿತ್ರಗಳನ್ನೂ ನೋಡಲು ಬರುವವರು ನೂರಾರು ಮಂದಿ. ಕೂನನ್ ಕುರಿಶಿನ ಪಳ್ಳಿಯನ್ನು ಕೇಳಿಕೊಂಡು ಬರುವವರು ಕೆಲವರೇ. ಮಲಯಾಳದ ‘ಕೂನು’ ನಮ್ಮ ‘ಗೂನು’. ‘ಕುರಿಶು’ ಎಂದರೆ ಶಿಲುಬೆ. ಗೂನಾದ, ಎಂದರೆ ಬಾಗಿದ, ಶಿಲುಬೆಯೆಂದು ಅರ್ಥ.

ನಡೆದುದಿಷ್ಟು. ೧೬೫೨ರಲ್ಲಿ ಅಹತಲ್ಲನೆಂಬ ಸುರಿಯಾನಿ ಬಿಷಪ್ಪನೊಬ್ಬನು ಸೂರತ್ತಿನ ಮಾರ್ಗವಾಗಿ ಮೈಲಾಪುರಕ್ಕೆ ಬಂದು, ತಾನು ಮಲಯಾಳಕ್ಕೆ ನಿಯಮಿತನಾದವನೆಂದು ಹೇಳಿಕೊಂಡನು. ಪೋರ್ಚುಗೀಸರು ಅವನನ್ನು ಹಿಡಿದು ಗೋವೆಯ ಹಡಗಿಗೆ ಏರಿಸಿದರು. ಆ ಹಡಗು ಕೊಚ್ಚಿಗೆ ಬಂದಾಗ ನಸ್ರಾಣಿ ಜನ ಸಾವಿರಗಟ್ಟಲೆ ನೆರೆದು ಅವನನ್ನು ತೋರಿಸಬೇಕೆಂದು ಬೇಡಿದರು. ತೋರಿಸಲಿಲ್ಲ. ಅವನನ್ನು ಕಡಲಿನಲ್ಲಿ ಮುಳುಗಿಸಿ ಕೊಂದರೆಂದು ಸುದ್ದಿ ಹಬ್ಬಿತು. ೧೬೫೩ನೆಯ ಜನವರಿ ೩ರಂದು ಜನ ಮಟ್ಟಾಂಚೇರಿಯ ಪಳ್ಳಿಯ ಮುಂದಿನ ಕಲ್ಲಿನ ಶಿಲುಬೆಯ ಬಳಿ ಪ್ರತಿಜ್ಞೆ ಮಾಡಿದರು. ಎಲ್ಲರ ಕೈಗೂ ಶಿಲುಬೆ ಎಟುಕುವಂತಿರಲಿಲ್ಲ. ಅದಕ್ಕೆ ಹಗ್ಗಗಳನ್ನು ಕಟ್ಟಿ, ಹಗ್ಗಗಳನ್ನು ಹಿಡಿದು ಆಣೆಯಿಟ್ಟರು. ಅಷ್ಟು ಜನರ ಸೆಳೆತಕ್ಕೆ ಶಿಲುಬೆಯೇ ಬಾಗಿತೆಂದು ಪರಂಪರೆ ಹೇಳುತ್ತದೆ.

ಆ ಸುದ್ದಿ ನಿಜವಲ್ಲ. ಅಹತಲ್ಲನನ್ನು ಗೋವೆಗೂ ಅಲ್ಲಿಂದ ಯೂರೋಪಿಗೂ ಸಾಗಿಸಿದರೆಂದೂ, ಅವನು ೧೬೫೪ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನೆಂದೂ ಈಚಿನ ಚರಿತ್ರಕಾರರು ಕಂಡುಕೊಂಡಿದ್ದಾರೆ. ಆದರೆ ಅದು ತಿಳಿಯುವಷ್ಟರಲ್ಲಿ ಶತಮಾನಗಳೇ ಕಳೆದಿದ್ದುವು. ಇನ್ನೊಂದು ವಿಚಿತ್ರ: ಆ ದಿನ ಆಡಿದ ಆಣೆಯ ಮಾತೇನೆಂಬುದರಲ್ಲಿಯೂ ಒಡಕುಂಟು. ಜೆಸ್ಯೂಟ್ ಪಾದ್ರಿಗಳಿಗೆ ಮಾತ್ರ ಇನ್ನು ತಲೆಬಾಗೆವೆಂದು ಆಣೆಯಿಟ್ಟರೆಂದು ಕ್ಯಾಥೊಲಿಕ್ ಪಕ್ಷದ ಚರಿತ್ರಕಾರರು ಬರೆಯುತ್ತಾರೆ. ರೋಮಿನ ಅಧಿಕಾರವನ್ನೇ ತೊರೆದರೆಂದು ಓರ್ಥೊಡೊಕ್ಸ್ ಪಕ್ಷದವರು ಬರೆಯುತ್ತಾರೆ. ಹಗ್ಗ ಒಂದೇ, ಎರಡೂ ಕಡೆಯವರು ಇನ್ನೂ ಎಳೆಯುತ್ತಿದ್ದಾರೆ.

ಅದೇ ವರ್ಷದ ಮೇ ತಿಂಗಳಲ್ಲಿ ಆಲಂಗಾಡಿನಲ್ಲಿ ಹನ್ನೆರಡು ಮಂದಿ ಪಾದ್ರಿಗಳು ಅರ್ಕದಿಯಾಕೋನನಾಗಿದ್ದ ತೋಮನ ತಲೆಯ ಮೇಲೆ ಕೈಯಿಟ್ಟು ಅವನನ್ನು ‘ಮಾರ್ ತೋಮ’ ಎಂಬ ಬಿಷಪ್ಪನನ್ನಾಗಿ ಸಾರಿದರು. ಬಿಷಪ್ಪನನ್ನು ಬಿಷಪ್ಪನೇ ಮಾಡಬೇಕೆಂಬುದು ಶಾಸ್ತ್ರ. ಆದ್ದರಿಂದ ಅನೇಕರ ಮನಸ್ಸು ಅಳುಕಿತು. ರೋಮಿನಿಂದ ಕಾರ್ಮೆಲ್ ಸಂಘದ ಸಂನ್ಯಾಸಿಗಳು ಬಂದು ಸಮಾಧಾನದ ಮಾತನಾಡಿದರು. ಡಚ್ಚರು ಬಂದು ಅವರನ್ನೂ ಹೊರಡಿಸಿದಾಗ, ೧೬೬೩ನೆಯ ಫೆಬ್ರವರಿಯಲ್ಲಿ, ಅವರ ನಾಯಕನಾದ ಬಿಷಪ್ ಸೆಬಾಸ್ಟಿಯಾನಿಯು ಕಡುತ್ತುರುತ್ತಿಯಲ್ಲಿ ಚಾಂಡಿ ಎಂಬ ದೇಶೀಯ ಪಾದ್ರಿಯನ್ನು ಬಿಷಪ್ಪನನ್ನಾಗಿ ಮಾಡಿ ಹೋದನು. ಈ ಚಾಂಡಿಯು ಆ ತೋಮನ ದಾಯಾದಿ! ಒಂದೇ ಮನೆಯ ಇಬ್ಬರು ಎರಡು ಪಕ್ಷಕ್ಕೆ ಒಡೆಯರಾದರು. ಪಳ್ಳಿಗಳ ಲೆಕ್ಕವನ್ನು ೧೧೬ ಎಂದು ಹೇಳುವ ವಾಡಿಕೆಯುಂಟು: ೮೪ ಚಾಂಡಿಯ ಕಡೆಗೆ, ೩೨ ತೋಮನ ಕಡೆಗೆ. ರೋಮಿನ ಕಡೆಯವರಿಗೆ ‘ಪಳಯಕೂರು’ ಎಂದರೆ ಹಳೆಯ ಪಾಲು, ತೋಮನ ಕಡೆಯವರಿಗೆ ‘ಪುತ್ತನ್‌ಕೂರು’ ಎಂದರೆ ಹೊಸ ಪಾಲು ಎಂದು ಹೆಸರಾಯಿತು. ಅಣ್ಣತಮ್ಮಂದಿರ ಹಿಸ್ಸೆಯ ಪತ್ರದಲ್ಲಿ ಬರೆಯುವ ಮಾತಿನಂತೆಯೇ ಇದೆ.

ತೋಮನ ಕಡೆಯವರಿಗೆ ಶಾಸ್ತ್ರೋಕ್ತವಾಗಿ ಹಸ್ತವಿಡುವ ಒಬ್ಬ ಬಿಷಪ್ಪನು ಬೇಕಾಗಿತ್ತು. ೧೬೬೫ರಲ್ಲಿ ಯೆರೂಸಲೇಮಿನಿಂದ ಮಾರ್ ಗ್ರಿಗೋರಿಯೋಸನು ಬಂದನು. ಅವನು ಅಂತಿಯೋಕ್ಯದ ಯಾಕೋಬಾಯ ಸಭೆಯವನು. ನಾವು ಮೇಲೆ ಹೇಳಿದ ಇನ್ನೊಂದು ತುದಿಯವನು. ಪೌರಸ್ತ್ಯ ಸಭೆಯಿಂದ ಬಿಷಪ್ಪರನ್ನು ಪಡೆಯುತ್ತಿದ್ದ ಜನ, ಆ ಸಭೆಗೆ ಸಿದ್ಧಾಂತದಲ್ಲಿ ನೇರ ವಿರೋಧಿಯಾದ ಸಭೆಯನ್ನು ಕೂಡಿದರು. ಕ್ರಮೇಣ ಪೂಜೆಯ ವಿಧಾನವೂ ಸುರಿಯಾನಿ ಅಕ್ಷರದ ರೂಪವೂ ಉಚ್ಚಾರಣೆಯೂ ಬದಲಾದುವು. ಸ್ವಭಾವ ಒಂದೋ ಎರಡೋ ಎಂದು ಮಲಯಾಳದಲ್ಲಿ ಯಾರೂ ಮಹಾಸಭೆ ಸೇರಿಸಿ ವಾದಿಸಿದುದಿಲ್ಲ. ಅವರಿಗೆ ಬೇಕಾದುದು ತಮ್ಮ ಮನೆಯ ಯಜಮಾನಿಕೆಯನ್ನು ಕಸಿಯದ ಒಬ್ಬ ಹಿರಿಯ. ಈ ಒಂದು ಸಂಗತಿಯನ್ನು ಹಿಡಿದರೆ ಮುಂದಿನ ಚರಿತ್ರೆಯ ಬೀಗವೆಲ್ಲ ತೆರೆಯುತ್ತದೆ. ಇಲ್ಲಿ ಜನ ಬಹುಮಟ್ಟಿಗೆ ಒಡೆದುದು ‘ದೇವರು ಹೇಗಿದ್ದಾನೆ?’ ಎಂಬ ಪ್ರಶ್ನೆಗಲ್ಲ; ‘ನಮ್ಮ ಮೇಲೆ ಯಾರಿದ್ದಾರೆ?’ ಎಂಬ ಪ್ರಶ್ನೆಗೆ.

ಮುಂದಿನ ಕವಲುಗಳನ್ನು ಬೇಗ ಹೇಳಿ ಮುಗಿಸುವೆವು. ೧೭೭೨ರಲ್ಲಿ ಒಬ್ಬ ಬಿಷಪ್ಪನ ಅಭಿಷೇಕದ ವಿವಾದದಿಂದ ತೊಳಿಯೂರಿನ ಪುಟ್ಟ ಸ್ವತಂತ್ರ ಸಭೆ ಹುಟ್ಟಿತು. ಆಂಗ್ಲ ಮಿಷನರಿಗಳು ೧೮೧೬ರಿಂದ ಕೊಟ್ಟಾಯದಲ್ಲಿ ಸುರಿಯಾನಿ ಪಾದ್ರಿಗಳಿಗೆ ಪಾಠ ಹೇಳಿದರು; ೧೮೩೬ರಲ್ಲಿ ಮಾವೇಲಿಕರದ ಸಭೆಯು ಅವರ ಸಂಬಂಧವನ್ನು ಕಡಿದುಕೊಂಡಿತು. ಕೆಲವರು ಆಂಗ್ಲಿಕನರಾದರು. ಕೊಟ್ಟಾಯದಲ್ಲಿ ಪಾಠ ಹೇಳುತ್ತಿದ್ದ ಮಾರಾಮಣ್ಣಿನ ಅಬ್ರಹಾಂ ಮಲ್ಪಾನನು ಮಾತ್ರ ಹೊರಗೆ ಹೋಗದೆ ಒಳಗಿದ್ದುಕೊಂಡೇ ಸುಧಾರಣೆಗೆ ಕೈಯಿಟ್ಟನು. ಪೂಜೆಯನ್ನು ಮಲಯಾಳದಲ್ಲಿ ನಡೆಸಿದನು, ಸಂತರಿಗೆ ಮಾಡುವ ಪ್ರಾರ್ಥನೆಗಳನ್ನು ಬಿಡಿಸಿದನು. ಇದು ನಿಜವಾಗಿಯೂ ಸಿದ್ಧಾಂತದ ಭೇದ. ನಾವು ಮೇಲೆ ಹೇಳಿದುದಕ್ಕೆ ಅಪವಾದ. ೧೮೮೯ರಲ್ಲಿ ತಿರುವಾಂಕೂರಿನ ನ್ಯಾಯಾಲಯದ ತೀರ್ಪಿನಲ್ಲಿ ಸುಧಾರಕರು ಆಸ್ತಿಯನ್ನು ಕಳೆದುಕೊಂಡು ಮಾರ್ ತೋಮ ಸಭೆಯಾಗಿ ಬೇರೆ ನಿಂತರು. ೧೯೧೨ರಲ್ಲಿ ನಿರಣದಲ್ಲಿ ಕಥೋಲಿಕೋಸ್ ಪೀಠದ ಸ್ಥಾಪನೆಯಾದಂದಿನಿಂದ, ಅಂತಿಯೋಕ್ಯದ ಪಾತ್ರಿಯಾರ್ಕನೇ ಮೇಲೆಂಬ ಯಾಕೋಬಾಯ ಪಕ್ಷವೂ, ತಮ್ಮ ಕಥೋಲಿಕೋಸನೇ ಮೇಲೆಂಬ ಓರ್ಥೊಡೊಕ್ಸ್ ಪಕ್ಷವೂ ಇದಿರಾದುವು. ೧೯೩೦ರಲ್ಲಿ ಮಾರ್ ಇವಾನಿಯೋಸನು ಕೆಲವರೊಡನೆ ರೋಮಿಗೆ ಮರಳಿ ಸೇರಿದನು. ತ್ರಿಶೂರಿನಲ್ಲಿ ಪೌರಸ್ತ್ಯ ಸಭೆಯ ಒಂದು ಕವಲು ಈಗಲೂ ಇದೆ. ಎಲ್ಲರೂ ತಮ್ಮನ್ನು ತೋಮನ ಮಕ್ಕಳೆಂದೇ ಕರೆದುಕೊಳ್ಳುತ್ತಾರೆ.

ಕೊಟ್ಟಾಯವು ಮೀನಚ್ಚಿಲ್ ಹೊಳೆಯ ದಿಬ್ಬಗಳ ಊರು. ಇಲ್ಲಿನ ವಲಿಯಪಳ್ಳಿ ಎಂಬ ದೊಡ್ಡ ಪಳ್ಳಿಯು ೧೫೫೦ರದು, ಕ್ನಾನಾಯರೆಂಬ ಪಂಗಡದವರದು. ಒಳಗೆ ಪಕ್ಕದ ವೇದಿಗಳಲ್ಲಿ ಕಲ್ಲಿನಲ್ಲಿ ಕಡೆದ ಎರಡು ಪ್ರಾಚೀನ ಶಿಲುಬೆಗಳಿವೆ. ಶಿಲುಬೆಯ ಬುಡದಿಂದ ಎರಡು ಕಡೆಗೂ ಎಲೆಗಳು ಚಿಗುರಿವೆ. ಸುತ್ತಲೂ ಪಹ್ಲವಿ ಅಕ್ಷರಗಳು. ಈ ಶಿಲುಬೆಯ ಮೇಲೆ ಯೇಸುವಿನ ದೇಹವಿಲ್ಲ, ರಕ್ತವಿಲ್ಲ. ಗಿಡವೊಂದು ಕುಡಿಯೊಡೆದಂತೆ ಇದೆ. ಪೋರ್ಚುಗೀಸರೂ ಡಚ್ಚರೂ ಬರುವುದಕ್ಕೆ ಮೊದಲು, ತೋಮನೂ ಚಾಂಡಿಯೂ ಒಡೆಯುವುದಕ್ಕೆ ಮೊದಲು ಕಡೆದುದು. ಎಲ್ಲ ಪಕ್ಷದವರೂ ಇದರ ಮುಂದೆ ಕೈಮುಗಿಯುತ್ತಾರೆ.

ಹೊಳೆಯ ದಂಡೆಯಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಹಳೆಯ ಸೆಮಿನಾರಿಯಿದೆ. ಈ ಶಾಲೆಯ ಹೆಸರಿನೊಡನೆ ಒಂದು ಹಣದ ಕಥೆ ಸೇರಿಕೊಂಡಿದೆ. ೧೮೦೮ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯಲ್ಲಿ ಸುರಿಯಾನಿ ಸಭೆಗಾಗಿ ೩,೦೦೦ ಪೂವರಾಹಗಳನ್ನು ಶೇಕಡಾ ೮ರ ಬಡ್ಡಿಗೆ ಶಾಶ್ವತವಾಗಿ ಇಟ್ಟರು. ಇದಕ್ಕೆ ‘ವಟ್ಟಿಪ್ಪಣಂ’ ಎಂದು ಹೆಸರು. ‘ವಟ್ಟಿ’ ನಮ್ಮ ಬಡ್ಡಿ, ‘ಪಣಂ’ ನಮ್ಮ ಹಣ. ವರಾಹವಂತೂ ನಮ್ಮದೇ. ವರ್ಷಕ್ಕೆ ೨೪೦ ವರಾಹಗಳ ಈ ಬಡ್ಡಿಹಣವನ್ನು ಪಡೆಯತಕ್ಕ ನಿಜವಾದ ಸಭೆ ಯಾವುದೆಂದು ನ್ಯಾಯಾಲಯಗಳು ವಿಚಾರಿಸಬೇಕಾಯಿತು. ೧೯೧೩ರಲ್ಲಿ ಹೂಡಿದ ವ್ಯಾಜ್ಯ ೧೯೨೮ರವರೆಗೂ ನಡೆಯಿತು. ಕೊಲ್ಲಂ ತಾಮ್ರಪಟಗಳ ಗತಿಯೂ ಇಂಥದೇ. ಅವುಗಳಲ್ಲಿ ಕೆಲವು ಕೊಟ್ಟಾಯದಲ್ಲಿ ಓರ್ಥೊಡೊಕ್ಸರ ವಶದಲ್ಲಿವೆ, ಕೆಲವು ತಿರುವಲ್ಲದಲ್ಲಿ ಮಾರ್ ತೋಮ ಸಭೆಯ ವಶದಲ್ಲಿವೆ. ಒಂದೇ ದಾನಪತ್ರವನ್ನು ಅಣ್ಣತಮ್ಮಂದಿರು ಹಾಳೆ ಹಂಚಿಕೊಂಡಂತಾಯಿತು. ಪೂರ್ತಿ ಓದಬೇಕಾದವನು ಎರಡೂ ಮನೆಯ ಬಾಗಿಲನ್ನು ತಟ್ಟಬೇಕು.

ವ್ಯಾಜ್ಯ ಅಲ್ಲಿಗೂ ನಿಲ್ಲಲಿಲ್ಲ. ೧೯೫೮ರಲ್ಲಿ ಸುಪ್ರೀಮ್ ಕೋರ್ಟಿನ ತೀರ್ಪು ಬಂದ ಮೇಲೆ ಎರಡು ಪಕ್ಷಗಳೂ ಒಂದಾದುವು. ಎಪ್ಪತ್ತರ ದಶಕದಲ್ಲಿ ಮತ್ತೆ ಮುರಿದುಕೊಂಡುವು. ೧೯೯೫ರಲ್ಲಿ ಇನ್ನೊಂದು ತೀರ್ಪು. ೨೦೧೭ನೆಯ ಜುಲೈ ೩ರಂದು, ೧೯೩೪ರ ಸಭಾಸಂವಿಧಾನದ ಪ್ರಕಾರವೇ ಪಳ್ಳಿಗಳ ಆಡಳಿತ ನಡೆಯತಕ್ಕದ್ದೆಂದು ಸುಪ್ರೀಮ್ ಕೋರ್ಟು ಹೇಳಿತು. ಕಾಗದದ ಮೇಲೆ ಇದು ಓರ್ಥೊಡೊಕ್ಸರ ಗೆಲುವು. ಆದರೆ ಎಷ್ಟೋ ಊರುಗಳಲ್ಲಿ ಪಳ್ಳಿಗೆ ಬರುವ ಜನರಲ್ಲಿ ಹೆಚ್ಚಿನವರು ಯಾಕೋಬಾಯರು. ಕಾನೂನು ಬೀಗದ ಕೈಯನ್ನು ಕೊಟ್ಟೀತು, ನೆರೆಹೊರೆಯನ್ನು ಕೊಡಲಾರದು.

ದಾರಿಯ ಒಂದು ಊರಿನಲ್ಲಿ, ಊರಿನ ಹೆಸರು ಬೇಡ, ಗಂಟೆ ಬಾರಿಸಿ ದೀಪ ಹಚ್ಚುವ ಮುದುಕನೊಬ್ಬನೊಡನೆ ಸ್ವಲ್ಪ ಹೊತ್ತು ಕುಳಿತಿದ್ದೆವು. ಈ ಕೆಲಸದವರಿಗೆ ಅಲ್ಲಿ ‘ಕಪ್ಯಾರ್’ ಎಂದು ಹೆಸರು. ಮಲಯಾಳವನ್ನು ನಿಧಾನವಾಗಿ ಆಡಿದರೆ ಕನ್ನಡಿಗನಿಗೆ ಅರ್ಧ ತಿಳಿಯುತ್ತದೆ. ಉಳಿದರ್ಧದಲ್ಲಿ ಬಹುಪಾಲನ್ನು ಸಂಸ್ಕೃತ ತುಂಬುತ್ತದೆ. ನಾವು ಉಪಾಧ್ಯಾಯರಾಗಿದ್ದವರೆಂದು ತಿಳಿದ ಮೇಲೆ ಅವನು “ಮಾಷೇ” ಎಂದೇ ಕರೆದನು. “ಮಾಷೇ, ನನ್ನ ತಂಗಿಯನ್ನು ಆ ಪಕ್ಷದ ಮನೆಗೆ ಕೊಟ್ಟೆವು. ಮದುವೆಯಾದ ಹೆಣ್ಣು ಗಂಡನ ಪಳ್ಳಿಗೆ ಸೇರಿದವಳು. ನಲವತ್ತು ವರ್ಷ ಹಬ್ಬಕ್ಕೆ ಹೋದೆವು, ಬಂದೆವು. ಯಾವ ಪಕ್ಷವೆಂದು ಅನ್ನ ಕೇಳಲಿಲ್ಲ. ಈಗ ಅಪ್ಪ ಅಮ್ಮನ ಗೋರಿಗೆ ಮೇಣದ ಬತ್ತಿ ಹಚ್ಚುವುದಕ್ಕೆ ಅವಳು ಗೇಟಿನ ಬಳಿ ನಿಂತು ಯೋಚಿಸಬೇಕು” ಎಂದನು. ಸಿದ್ಧಾಂತದಲ್ಲಿ ಭೇದವೇನೆಂದು ಕೇಳಿದೆವು. ಅವನು ಬಹಳ ಹೊತ್ತು ಯೋಚಿಸಿ, “ಅದು ತಿರುಮೇನಿಗಳಿಗೆ ಗೊತ್ತು” ಎಂದನು. ತಿರುಮೇನಿಗಳೆಂದರೆ ಬಿಷಪ್ಪರು.

ವಾಸ್ತವವಾಗಿ ತಿರುಮೇನಿಗಳೂ ಈಗ ಆ ಭೇದವನ್ನು ದೊಡ್ಡದೆನ್ನುವುದಿಲ್ಲ. ಹದಿನೈದು ಶತಮಾನಗಳ ಜಗಳವನ್ನು ವಿದ್ವಾಂಸರು ಕುಳಿತು ವಿಚಾರಿಸಿದಾಗ, ಗ್ರೀಕರ ಮಾತು ಒಂದು, ಸುರಿಯಾನಿಗಳ ಮಾತು ಒಂದು, ಇಬ್ಬರೂ ಹೇಳಹೊರಟ ಅರ್ಥ ಬಹುಮಟ್ಟಿಗೆ ಒಂದೇ ಎಂದು ಕಂಡುಬಂದಿತು. ರೋಮಿನ ಪೋಪರೂ ಅಂತಿಯೋಕ್ಯದ ಪಾತ್ರಿಯಾರ್ಕರೂ ೧೯೮೪ರಲ್ಲಿಯೂ, ಪೋಪರೂ ಪೌರಸ್ತ್ಯ ಸಭೆಯ ಪಾತ್ರಿಯಾರ್ಕರೂ ೧೯೯೪ರಲ್ಲಿಯೂ ಇದೇ ಅಭಿಪ್ರಾಯದ ಪತ್ರಗಳಿಗೆ ಒಟ್ಟಾಗಿ ರುಜು ಹಾಕಿದರು. ಮಾತಿನ ಜಗಳ ಮಾತಿನಿಂದ ಪರಿಹಾರವಾಯಿತು. ಯಜಮಾನಿಕೆಯ ಜಗಳಕ್ಕೆ ಅಂಥ ಪರಿಹಾರವಿಲ್ಲ. ಕ್ಯಾಥೊಲಿಕರ ಪಳಯಕೂರಿನಲ್ಲಿಯೇ, ಪೂಜೆಯ ವೇಳೆ ಪಾದ್ರಿಯು ಜನರ ಕಡೆಗೆ ಎಷ್ಟು ಹೊತ್ತು, ವೇದಿಯ ಕಡೆಗೆ ಎಷ್ಟು ಹೊತ್ತು ಮುಖಮಾಡಬೇಕೆಂದು ೨೦೨೧ರಲ್ಲಿ ಮಾಡಿದ ನಿರ್ಣಯದಿಂದ ಕಲಹವೆದ್ದು, ೨೦೨೨ರಲ್ಲಿ ಎರ್ನಾಕುಲದ ಮಹಾದೇವಾಲಯವೇ ಮುಚ್ಚಿತು. ನೋಡುವವರಿಗೆ ಅದು ದಿಕ್ಕಿನ ವಿವಾದ. ಒಳಗೆ ಅದೂ ‘ನಮಗೆ ಹೇಳುವವರು ಯಾರು?’ ಎಂಬ ಹಳೆಯ ಪ್ರಶ್ನೆಯೇ.

ಇದನ್ನು ಓದಿ ನಾವು ನಗುವ ಹಾಗಿಲ್ಲ. ವಡಗಲೆ, ತೆಂಗಲೆ ಎಂಬ ಮಾತುಗಳನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ಯಾವುದು? ಒಬ್ಬರೇ ಆಚಾರ್ಯರಿಗೆ ನಮಸ್ಕರಿಸುವವರು, ನಾಮದ ಆಕಾರಕ್ಕೂ ಮೊದಲು ಯಾರ ಸ್ತುತಿ ಎಂಬುದಕ್ಕೂ ಕಾಂಚಿಯಲ್ಲಿ ತಲೆಮಾರುಗಳ ಕಾಲ ಕೋರ್ಟು ಹತ್ತಿದ್ದಾರೆ. ದೇವಾಲಯಕ್ಕೆ ಆಸ್ತಿ ಬಂದಲ್ಲೆಲ್ಲ ಪಕ್ಷ ಬರುತ್ತದೆ, ಅದಕ್ಕೆ ಮತಭೇದವಿಲ್ಲ.

ಒಡೆಯದೆ ಉಳಿದುದೂ ಉಂಟು. ಮಲಯಾಳದ ಸುರಿಯಾನಿ ಕ್ರೈಸ್ತರ ಮದುವೆಯಲ್ಲಿ ವರನು ವಧುವಿಗೆ ‘ಮಿನ್ನು’ ಎಂಬ ತಾಳಿಯನ್ನು ಕಟ್ಟುತ್ತಾನೆ. ಸಣ್ಣ ಬಂಗಾರದ ಬಿಲ್ಲೆ, ಅದರ ಮೇಲೆ ಕಾಳುಕಾಳಾಗಿ ಶಿಲುಬೆ. ಅದನ್ನು ಪೋಣಿಸುವ ದಾರವನ್ನು ‘ಮಂತ್ರಕೋಡಿ’ ಎಂಬ ಮದುವೆಯ ಸೀರೆಯಿಂದಲೇ ಎಳೆ ತೆಗೆದು ಹುರಿಮಾಡುತ್ತಾರೆ. ರೋಮಿನ ಪಕ್ಷ, ಅಂತಿಯೋಕ್ಯದ ಪಕ್ಷ, ಸುಧಾರಕರ ಪಕ್ಷ ಎಂಬ ಭೇದವಿಲ್ಲದೆ ಈ ಪದ್ಧತಿ ನಡೆದುಬಂದಿದೆ. ಗಂಡಸರು ಹಗ್ಗ ಹಿಡಿದು ಎಳೆದ ಮುನ್ನೂರೆಪ್ಪತ್ತು ವರ್ಷಗಳಲ್ಲಿ ಹೆಂಗಸರು ಈ ಎಳೆಯನ್ನು ಕಡಿಯಗೊಡದೆ ಇಟ್ಟುಕೊಂಡಿದ್ದಾರೆ. ಒಂದು ಪಕ್ಷದಲ್ಲಿ ಹುಟ್ಟಿ, ಇನ್ನೊಂದರಲ್ಲಿ ಸೇರಿ, ಎರಡೂ ಮನೆಗೆ ಬೇಕಾದವರಾಗಿ ಬಾಳಿದವರು ಅವರೇ.

ಕಡೆಗೆ ಸ್ಮಶಾನದ ಮಾತು. ಪಳ್ಳಿಯ ಬೀಗ ಒಂದು ಪಕ್ಷದ ಕೈಗೆ ಹೋದಲ್ಲಿ ಇನ್ನೊಂದು ಪಕ್ಷದ ಹೆಣಕ್ಕೆ ಹಿರಿಯರ ಪಕ್ಕದಲ್ಲಿ ಮೂರು ಮೊಳ ನೆಲ ಸಿಕ್ಕುವುದು ಕಷ್ಟವಾಯಿತು. ೨೦೧೯ರಲ್ಲಿ ತೊಂಬತ್ತು ದಾಟಿದ ವೃದ್ಧೆಯೊಬ್ಬಳ ದೇಹವು ಮಣ್ಣಿಗಾಗಿ ತಿಂಗಳಿಗೂ ಮಿಕ್ಕಿ ಕಾಯಬೇಕಾಯಿತು. ಇದನ್ನು ಕಂಡು ಕೇರಳದ ಶಾಸನಸಭೆಯು ೨೦೨೦ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಪಾದ್ರಿ ಯಾರಾದರೂ ಇರಲಿ, ಪ್ರಾರ್ಥನೆ ಬೇಕಾದರೆ ಬೇರೆಡೆ ನಡೆಯಲಿ, ಓರ್ಥೊಡೊಕ್ಸ್ ಯಾಕೋಬಾಯ ಪಳ್ಳಿಗಳಿಗೆ ಸೇರಿದ ಕುಟುಂಬದವರು ತಮ್ಮ ಪೂರ್ವಿಕರನ್ನು ಹೂಳಿದ ಸ್ಮಶಾನದಲ್ಲಿಯೇ ತಮ್ಮವರನ್ನು ಹೂಳಬಹುದೆಂಬುದು ಅದರ ತಾತ್ಪರ್ಯ. ಎಫೆಸಸಿನಲ್ಲಿಯೂ ಕಾಲ್ಸಿಡನಿನಲ್ಲಿಯೂ ಕುಳಿತ ಮಹಾಪಂಡಿತರಿಗೆ ಹೊಳೆಯದ ಒಂದು ಸಣ್ಣ ನಿರ್ಣಯವನ್ನು ಜನಸಾಮಾನ್ಯರ ಪ್ರತಿನಿಧಿಗಳು ಮಾಡಿದರು. ಸತ್ತವರಿಗೆ ಪಕ್ಷವಿಲ್ಲವೆಂದು ಕಾಯಿದೆ ಒಪ್ಪಿದೆ. ಬದುಕಿರುವವರಿಗೂ ಅಷ್ಟೊಂದು ಪಕ್ಷ ಬೇಕಿಲ್ಲವೆಂಬುದನ್ನು ಕಾಯಿದೆ ಹೇಳಲಾರದು. ಅದನ್ನು ಮನೆಗಳೇ ಹೇಳಬೇಕು. ಕೊಟ್ಟಾಯದ ಕಲ್ಲಿನ ಶಿಲುಬೆಯ ಬುಡದಲ್ಲಿ ಎಲೆಗಳು ಇನ್ನೂ ಎರಡು ಕಡೆಗೂ ಚಿಗುರಿಕೊಂಡಿವೆ; ಕಾಂಡ ಮಾತ್ರ ಒಂದೇ.